ಎವೆಯಿಕ್ಕದ ಗಿರಾಕಿಗಳು

ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕೂಡುರಸ್ತೆಯಲ್ಲಿ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ನಿಂತು ನೋಡಿದರೆ, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಹೊರಟ ಹೆಂಗಸರ ಸಾಲು, ಕೊರಳಲ್ಲಿ ಗುರುತಿನ ಚೀಟಿ ತೂಗುಬಿಟ್ಟು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಧಾವಿಸುವ ತರುಣರ ಗುಂಪು, 2025ರ ಆಗಸ್ಟಿನಲ್ಲಿ ಸಂಚಾರಕ್ಕೆ ತೆರೆದ ಹಳದಿ ಮಾರ್ಗದ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಬರುವವರ ಪ್ರವಾಹ, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಕಂಡು, ಈ ಊರಿನಲ್ಲಿ ಮನುಷ್ಯರಿಗಂತೂ ಬರಗಾಲವಿಲ್ಲವೆಂದು ಯಾರಿಗಾದರೂ ಅನ್ನಿಸದೆ ಇರದು. ಆ ನೆರವಿಯ ಅಂಚಿನಲ್ಲಿ ಕರಪತ್ರಗಳ ಕಟ್ಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಕಂಡಕಂಡವರ ಕೈಗೆ ತುರುಕುವ ಹುಡುಗನೊಬ್ಬ ಒಮ್ಮೊಮ್ಮೆ ಕಾಣಸಿಗುತ್ತಾನೆ. ಸಾವಿರ ಕರಪತ್ರ ಕೊಟ್ಟು ಕಳುಹಿದ ಯಜಮಾನನಿಗೆ ಸಂಜೆ ಕಾಣುವುದು ಹುಡುಗನ ಬರಿಗೈ ಮಾತ್ರ. ಸಾವಿರವೂ ಸಾವಿರ ಮಂದಿಯನ್ನು ಸೇರಿದುವೋ, ಇನ್ನೂರು ಸೇರಿ ಮಿಕ್ಕ ಎಂಟುನೂರು ಸಮೀಪದ ರಾಜಕಾಲುವೆಯ ಪಾಲಾದುವೋ, ಅದನ್ನು ಆ ಬರಿಗೈ ಹೇಳಲಾರದು.

ಜಾಹೀರಾತು ಹುಟ್ಟಿದಂದಿನಿಂದಲೂ ಈ ಸಂಶಯ ಅದರ ಬೆನ್ನಿಗೇ ಬಂದಿದೆ. ಆದರೆ ಹಳೆಯ ಮೋಸಕ್ಕೊಂದು ಮಿತಿಯಿತ್ತು. ಹುಡುಗ ಎಷ್ಟೇ ಚತುರನಾದರೂ ತನಗೆ ಕೊಟ್ಟ ಸಾವಿರಕ್ಕಿಂತ ಹೆಚ್ಚನ್ನು ಕಾಲುವೆಗೆ ಎಸೆಯಲಾರ. ಎಸೆದುದರಿಂದ ಅವನಿಗೆ ಸಿಗುವ ಲಾಭವೂ ಒಂದಿಷ್ಟು ನೆರಳಿನಲ್ಲಿ ಕುಳಿತು ಕಾಲ ಕಳೆಯುವಷ್ಟೇ. ಇಂದು ಮೊಬೈಲಿನ ಪರದೆಯ ಮೇಲೆ ನಡೆಯುವ ಜಾಹೀರಾತಿನ ವ್ಯಾಪಾರದಲ್ಲಿಯಾದರೋ, ಕರಪತ್ರವನ್ನು ತೆಗೆದುಕೊಳ್ಳತಕ್ಕ ಕೈಗಳನ್ನೇ ಬೇಕಾದಷ್ಟು ಸಂಖ್ಯೆಯಲ್ಲಿ ತಯಾರಿಸಬಹುದಾಗಿದೆ, ಮತ್ತು ಅಂಥ ಒಂದೊಂದು ಕೈಗೂ ಯಜಮಾನನ ಚೀಲದಿಂದ ಹಣ ಸಂದಾಯವಾಗುತ್ತದೆ.

ಬೊಮ್ಮನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಪೀಜಿ ನಡೆಸುವ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಮಹಡಿ, ಕೋಣೆಗೆ ಮೂರು ಮಂಚ, ಮೂರು ಹೊತ್ತಿನ ಊಟ, ವೈಫೈ. ಕಟ್ಟಡದ ಮುಂದೆ ಫಲಕ ತೂಗುಹಾಕುವುದರ ಜೊತೆಗೆ ಇವರು ಅಂತರ್ಜಾಲದಲ್ಲಿಯೂ ಜಾಹೀರಾತು ಕೊಡುತ್ತಾರೆ. ದಿನಕ್ಕೆ 500 ರೂಪಾಯಿ ಗೊತ್ತುಮಾಡಿದ್ದಾರೆ ಎನ್ನೋಣ. ಸಿಲ್ಕ್ ಬೋರ್ಡಿನ ಸುತ್ತಮುತ್ತ ಪೀಜಿ ಹುಡುಕುವವರ ಪರದೆಯ ಮೇಲೆ ಇವರ ಹೆಸರು ಮೂಡುತ್ತದೆ. ಮೂಡಿದ್ದಕ್ಕೆ ಹಣವಿಲ್ಲ, ಅದನ್ನು ಯಾರಾದರೂ ಒತ್ತಿದರೆ, ಎಂದರೆ ಎಲ್ಲರೂ ಹೇಳುವಂತೆ ಕ್ಲಿಕ್ ಮಾಡಿದರೆ, ಹತ್ತು ರೂಪಾಯಿ ಕಳೆಯುತ್ತದೆ. ಐವತ್ತು ಕ್ಲಿಕ್ಕಿಗೆ ಅಂದಿನ ಹಣ ಮುಗಿಯಿತು, ಜಾಹೀರಾತು ಮರೆಯಾಯಿತು. ಒಂದು ವಾರ ಬೆಳಗಾಗುವುದರೊಳಗೇ ಐವತ್ತೂ ಮುಗಿದು, ಹಗಲೆಲ್ಲ ಒಂದು ಕರೆಯೂ ಬಾರದೆ ಹೋದರೆ, ಆ ಯಜಮಾನರಿಗೆ ಯಾವ ಅನುಮಾನ ಬರಬೇಕೋ ಅದೇ ಈ ಲೇಖನದ ವಸ್ತು.

ಮನುಷ್ಯನ ಬದಲಿಗೆ ಕ್ಲಿಕ್ ಮಾಡುವ ಈ ತಂತ್ರಾಂಶಕ್ಕೆ ಬಾಟ್ ಎಂದು ಹೆಸರು. ಜೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕವೊಂದರಿಂದ ಲೋಕಕ್ಕೆ ಬಂದ ರೋಬಾಟ್ ಎಂಬ ಪದದ ಬಾಲ ಇದು. ರೋಬಾಟಿಗೆ ಕೈಕಾಲುಗಳಾದರೂ ಉಂಟು; ಬಾಟಿಗೆ ಅವೂ ಇಲ್ಲ, ಎಲ್ಲಿಯೋ ಒಂದು ಗಣಕದೊಳಗೆ ಓಡುವ ಆಜ್ಞಾವಳಿ ಅದು, ಅಷ್ಟೇ. ಬಾಟುಗಳೆಲ್ಲ ದುಷ್ಟವೆಂದು ಭಾವಿಸುವುದೂ ತಪ್ಪು. ಜಾಲತಾಣಗಳನ್ನು ಒಂದೊಂದಾಗಿ ಓದಿ ಸೂಚಿ ತಯಾರಿಸುವ ಗೂಗಲ್‌ಬಾಟ್ ಇಲ್ಲದಿದ್ದರೆ ನಮ್ಮ ಪೀಜಿಯ ಹೆಸರು ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಮೇಲಾಗಿ ಅದು ತನ್ನ ಹೆಸರನ್ನು ಹೇಳಿಕೊಂಡೇ ಬಾಗಿಲು ತಟ್ಟುತ್ತದೆ. ಇಂಪರ್ವಾ ಎಂಬ ಸೈಬರ್ ರಕ್ಷಣಾ ಸಂಸ್ಥೆಯ ಲೆಕ್ಕದ ಪ್ರಕಾರ 2024ರಲ್ಲಿ ಅಂತರ್ಜಾಲದ ಸಂಚಾರದಲ್ಲಿ ನೂರಕ್ಕೆ 51 ಭಾಗ ಯಂತ್ರಗಳದು, 37 ಭಾಗ ಕೇಡುಬಗೆಯುವ ಯಂತ್ರಗಳದು. ಈ ಸಂಸ್ಥೆ ಮಾರುವ ಸರಕೂ ಬಾಟ್ ನಿವಾರಣೆಯೇ ಆದುದರಿಂದ, ವೈದ್ಯರು ಹೇಳುವ ರೋಗದ ಲೆಕ್ಕವನ್ನು ಕೇಳುವ ಎಚ್ಚರದಿಂದಲೇ ಇದನ್ನೂ ಕೇಳುವುದು ಯುಕ್ತ. ಆದರೂ ಹಳದಿ ಮಾರ್ಗದಲ್ಲಿ ಚಾಲಕನಿಲ್ಲದೆ ಓಡಬಲ್ಲ ರೈಲನ್ನು ಕಂಡು ಬೆರಗಾದ ನಾವು, ಪ್ರಯಾಣಿಕರೇ ಇಲ್ಲದ ಸಂದಣಿಯೊಂದಿದೆ ಎಂಬುದನ್ನು ನಂಬಲು ಇನ್ನು ಹಿಂಜರಿಯಬೇಕಾಗಿಲ್ಲ.

ಇದರಿಂದ ಯಾರಿಗೆ ಲಾಭ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂತರ್ಜಾಲದ ಮೊದಲ ಬ್ಯಾನರ್ ಜಾಹೀರಾತುಗಳು 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಅಮೆರಿಕದ ತಾಣದಲ್ಲಿ ಕಾಣಿಸಿಕೊಂಡುವು. ಗೂಗಲ್ 2000ದಲ್ಲಿ ತನ್ನ ಜಾಹೀರಾತಿನ ಅಂಗಡಿಯನ್ನು ತೆರೆದು, 2002ರಲ್ಲಿ ಕ್ಲಿಕ್ಕಿಗಿಷ್ಟು ಎಂಬ ಹರಾಜಿನ ಪದ್ಧತಿಯನ್ನು ತಂದಿತು. 2003ರಲ್ಲಿ ಆಡ್‌ಸೆನ್ಸ್ ಮೂಲಕ, ತನ್ನದೊಂದು ತಾಣವುಳ್ಳ ಯಾವ ಸಾಮಾನ್ಯನೇ ಆಗಲಿ ಅಲ್ಲಿ ಜಾಹೀರಾತಿಗೆ ಜಾಗ ಕೊಟ್ಟು, ಕ್ಲಿಕ್ಕಿನ ಹಣದಲ್ಲಿ ಪಾಲು ಪಡೆಯುವ ಏರ್ಪಾಡಾಯಿತು. ಏರ್ಪಾಡು ಉದಾರವಾದುದೇ, ಆದರೆ ತನ್ನ ತಾಣದ ಜಾಹೀರಾತನ್ನು ತಾನೇ ಒತ್ತಿಕೊಂಡರೆ ತನಗೇ ಹಣ ಬರುವುದೆಂಬ ಸತ್ಯ ಮನುಷ್ಯನಿಗೆ ಹೊಳೆಯಲು ಬಹುಕಾಲ ಬೇಕಾಗಲಿಲ್ಲ. 2004ರ ಮೇ ತಿಂಗಳಷ್ಟು ಹೊತ್ತಿಗೆ, ನಮ್ಮ ದೇಶದ ಮಹಾನಗರಗಳ ಗೃಹಿಣಿಯರೂ ಪದವೀಧರರೂ ಮನೆಯಲ್ಲಿ ಕುಳಿತು ಕೂಲಿಗಾಗಿ ಜಾಹೀರಾತು ಒತ್ತುತ್ತಿರುವರೆಂದು ಟೈಮ್ಸ್ ಆಫ್ ಇಂಡಿಯಾ ವರದಿಮಾಡಿತ್ತು. ಬೆರಳಿನ ಕೂಲಿಗಿಂತ ಯಂತ್ರದ ಕೂಲಿ ಅಗ್ಗವೆಂಬುದು ಆಮೇಲಿನ ಆವಿಷ್ಕಾರ. ಮನೆಯಲ್ಲೇ ಕುಳಿತು ವಿಡಿಯೋಗೆ ಲೈಕ್ ಒತ್ತಿ ಹಣ ಗಳಿಸಿರೆಂದು ಈಗ ವಾಟ್ಸಾಪಿನಲ್ಲಿ ಬರುವ ಕರೆಗಳು ಆ ಹಳೆಯ ಕೂಲಿಯ ಪ್ರೇತದಂತಿವೆ. ಮೊದಲು ಐವತ್ತೋ ನೂರೋ ಕೊಟ್ಟು, ನಂಬಿಕೆ ಕುದುರಿದ ಮೇಲೆ ಸಾವಿರಗಳನ್ನು ಕಟ್ಟಿಸಿಕೊಂಡು ಮಾಯವಾಗುವ ಅವುಗಳ ಬಲೆಗೆ ಬಿದ್ದವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡತಕ್ಕದ್ದು. ಇದು ಮಾರ್ಗಮಧ್ಯದ ಮಾತು, ಮುಂದಕ್ಕೆ ಹೋಗೋಣ.

ತಾಣದ ಒಡೆಯನ ಲೋಭ ಒಂದು ಬಗೆ. ಎರಡನೆಯದು ಪ್ರತಿಸ್ಪರ್ಧಿಯ ಮತ್ಸರ: ಪಕ್ಕದ ಬೀದಿಯ ಪೀಜಿಯ ಹಣ ಬೆಳಗ್ಗೆಯೇ ಖಾಲಿಯಾದರೆ, ಹಗಲೆಲ್ಲ ಪರದೆಯ ಮೇಲಿನ ಸ್ಥಾನ ತನ್ನದಾಗುತ್ತದೆ. ಮೂರನೆಯದು ಮಧ್ಯವರ್ತಿಯ ಸಂಕಟ: ತಿಂಗಳಿಗೆ ಇಷ್ಟು ವಿಚಾರಣೆಗಳನ್ನು, ಅವರ ಮಾತಿನಲ್ಲಿ ಲೀಡುಗಳನ್ನು, ತಂದುಕೊಡುತ್ತೇನೆಂದು ಒಪ್ಪಿಕೊಂಡವನು ತಿಂಗಳ ಕೊನೆಯ ವಾರದಲ್ಲಿ ಸಂಖ್ಯೆ ತುಂಬಿಸಲು ಹಿಡಿಯುವ ಅಡ್ಡದಾರಿ. ಮೂರರಲ್ಲಿಯೂ ಹಣ ಕೊಟ್ಟವನೊಬ್ಬನನ್ನು ಬಿಟ್ಟು ಇನ್ನುಳಿದವರಾರಿಗೂ ತತ್ಕಾಲಕ್ಕೆ ನಷ್ಟವಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಈ ವಿದ್ಯೆ ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಮೆಥ್‌ಬಾಟ್ ಪ್ರಕರಣವೇ ನಿದರ್ಶನ. ಅಲೆಕ್ಸಾಂಡರ್ ಝುಕೋವ್ ಎಂಬ ರಷ್ಯದವನು ತನ್ನ ಸಂಗಡಿಗರೊಡನೆ ಅಮೆರಿಕದ ಡಲ್ಲಾಸ್ ಮೊದಲಾದೆಡೆಯ ಡೇಟಾ ಸೆಂಟರುಗಳಲ್ಲಿ 1,900ಕ್ಕೂ ಮಿಕ್ಕ ಸರ್ವರುಗಳನ್ನು ಬಾಡಿಗೆಗೆ ಹಿಡಿದು, 6,50,000ಕ್ಕೂ ಹೆಚ್ಚು ಐಪಿ ವಿಳಾಸಗಳನ್ನು ಗುತ್ತಿಗೆಗೆ ಪಡೆದು, ಆ ಯಂತ್ರಗಳೆಲ್ಲ ಅಮೆರಿಕದ ಗೃಹಸ್ಥರ ಮನೆಗಳಲ್ಲಿರುವ ಗಣಕಗಳೆಂದು ದಾಖಲೆಯಲ್ಲಿ ತೋರುವಂತೆ ಮಾಡಿದನು. ಪ್ರಸಿದ್ಧ ಪತ್ರಿಕೆಗಳ ಪುಟಗಳೆಂದು ಸುಳ್ಳುಹೆಸರು ಹೇಳಿ ಜಾಹೀರಾತುಗಳನ್ನು ತರಿಸಿಕೊಂಡು, ಯಾರೂ ಇಲ್ಲದ ಕೋಣೆಯಲ್ಲಿ ಅವನ್ನು ಯಂತ್ರಗಳಿಗೆ ತೋರಿಸಿ, 70 ಲಕ್ಷ ಡಾಲರುಗಳಿಗೂ ಹೆಚ್ಚು ಹಣವನ್ನು ಸಂಪಾದಿಸಿದನು. ವೈಟ್ ಆಪ್ಸ್ ಎಂಬ ಸಂಸ್ಥೆ 2016ರ ಡಿಸೆಂಬರಿನಲ್ಲಿ ಇದನ್ನು ಬಯಲಿಗೆಳೆಯಿತು; 2021ರ ನವೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಇದಕ್ಕೂ ಸೂಕ್ಷ್ಮವಾದುದು, ಬಾಡಿಗೆಯ ಯಂತ್ರಗಳ ಬದಲು ಪರರ ಯಂತ್ರಗಳನ್ನೇ ವಶಪಡಿಸಿಕೊಳ್ಳುವ ವಿಧಾನ. 2018ರಲ್ಲಿ ಬಯಲಾದ ಇನ್ನೊಂದು ಜಾಲ 17 ಲಕ್ಷ ಗಣಕಗಳಿಗೆ ಸೋಂಕು ತಗಲಿಸಿತ್ತು. ಅವುಗಳ ಒಡೆಯರು ತಮ್ಮ ಪಾಡಿಗೆ ಕಾಗದ ಬರೆಯುತ್ತಲೋ ಚಿತ್ರ ನೋಡುತ್ತಲೋ ಇದ್ದಾಗ, ತೆರೆಯ ಹಿಂದೆ ಅವರ ಹೆಸರಿನಲ್ಲಿ ಜಾಹೀರಾತು ಓಡುತ್ತಿತ್ತು. ನಮ್ಮ ದೇಶದಲ್ಲಿ ಇಂಥ ಸೋಂಕನ್ನು ತೊಳೆಯುವುದಕ್ಕೆಂದು ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಅದರ ಸಾಧನಗಳು ಉಚಿತವಾಗಿ ದೊರೆಯುತ್ತವೆ.

ಹಾಗಾದರೆ ಯಂತ್ರವನ್ನು ಮನುಷ್ಯನಿಂದ ಬೇರೆಯಾಗಿ ಗುರುತಿಸುವುದೆಂತು? ಈ ಪ್ರಶ್ನೆ ನನಗೆ ಯಾವಾಗಲೂ ದಮಯಂತಿಯ ಸ್ವಯಂವರವನ್ನು ನೆನಪಿಗೆ ತರುತ್ತದೆ. ಕನಕದಾಸರ ನಳಚರಿತ್ರೆಯನ್ನೋ ಮಹಾಭಾರತದ ನಳೋಪಾಖ್ಯಾನವನ್ನೋ ಬಲ್ಲವರಿಗೆ ಆ ಸಂದರ್ಭ ಗೊತ್ತಿದ್ದೇ ಇದೆ: ಮಾಲೆ ಹಿಡಿದು ಬಂದ ರಾಜಕುಮಾರಿಯ ಎದುರಿಗೆ ಒಂದೇ ರೂಪಿನ ಐವರು ನಳರು, ನಾಲ್ವರು ದೇವತೆಗಳು, ಒಬ್ಬನು ಮಾತ್ರ ಮನುಷ್ಯ. ದೇವತೆಗಳ ಮೈ ಬೆವರದು, ಕಣ್ಣು ಎವೆಯಿಕ್ಕದು, ಕೊರಳ ಮಾಲೆ ಬಾಡದು, ಪಾದ ನೆಲಕ್ಕೆ ಸೋಂಕದು. ನಿಜವಾದ ನಳನಾದರೋ ಬೆವರಿದ್ದಾನೆ, ಮೈಗೆ ಧೂಳು ಮೆತ್ತಿದೆ, ಮಾಲೆ ಬಾಡಿದೆ, ನೆರಳು ನೆಲಕ್ಕೆ ಬಿದ್ದಿದೆ. ಅವನ ಕುಂದುಗಳೇ ಅವನ ಗುರುತು. ಬಾಟ್ ಪತ್ತೆಯ ಶಾಸ್ತ್ರವೆಲ್ಲ ಈ ಒಂದು ದೃಶ್ಯದ ವಿಸ್ತಾರವೆಂದರೆ ಅತಿಶಯೋಕ್ತಿಯಾಗಲಾರದು. ಮನುಷ್ಯನು ಪರದೆಯ ಮೇಲೆ ಬೆರಳಾಡಿಸುವಾಗ ನಡುಗುತ್ತಾನೆ, ಮೇಲೆ ಕೆಳಗೆ ತಡವರಿಸುತ್ತಾನೆ, ಬಾಡಿಗೆಯ ಅಂಕಿಯ ಬಳಿ ನಿಲ್ಲುತ್ತಾನೆ, ನಡುವೆ ಹಾಲು ಉಕ್ಕಿತೆಂದು ಎದ್ದು ಹೋಗುತ್ತಾನೆ, ಹೆಸರು ಬರೆಯುವಾಗ ಅಕ್ಷರ ತಪ್ಪಿ ಅಳಿಸುತ್ತಾನೆ. ಯಂತ್ರ ಪುಟ ತೆರೆದ ಕ್ಷಣದಲ್ಲಿಯೇ ಅರ್ಜಿಯ ಎಲ್ಲ ಖಾನೆಗಳನ್ನೂ ನಿರ್ದೋಷವಾಗಿ ತುಂಬಿ, ಎರಡು ಸೆಕೆಂಡಿನಲ್ಲಿ ಹೊರಟುಹೋಗುತ್ತದೆ. ಮರುನಿಮಿಷ ಅದೇ ಅಳತೆಯ ಪರದೆ, ಅದೇ ಹಳೆಯ ಬ್ರೌಸರ್, ಅದೇ ನಡಿಗೆಯ ಇನ್ನೊಬ್ಬ ‘ಗಿರಾಕಿ’.

ಇಷ್ಟಕ್ಕೇ ನಿಂತಿದ್ದರೆ ಕಷ್ಟವಿರಲಿಲ್ಲ. ಪುರಾಣದ ದೇವತೆಗಳು ದಮಯಂತಿಯ ಪ್ರಾರ್ಥನೆಗೆ ಓಗೊಟ್ಟು ತಮ್ಮ ಲಕ್ಷಣಗಳನ್ನು ತಾವೇ ತೋರಿಸಿಕೊಟ್ಟರು. ಇಂದಿನ ಮಾಯಾವಿಗಳಿಗೆ ಆ ದಾಕ್ಷಿಣ್ಯವಿಲ್ಲ. ಅವು ಬೆವರುವುದನ್ನು ಕಲಿತಿವೆ. ಝುಕೋವನ ಯಂತ್ರಗಳು ಮೌಸನ್ನು ಮನುಷ್ಯನಂತೆ ಅಲುಗಾಡಿಸುತ್ತಿದ್ದುವು, ವಿಡಿಯೋವನ್ನು ಅರ್ಧದಲ್ಲಿ ನಿಲ್ಲಿಸುತ್ತಿದ್ದುವು, ಫೇಸ್‌ಬುಕ್ಕಿಗೆ ಲಾಗಿನ್ ಆದವರಂತೆ ನಟಿಸುತ್ತಿದ್ದುವು. ಜಾಹೀರಾತು ಅಳೆಯುವವರು ಹೀಗಾಗಿಯೇ ಅಸಿಂಧು ಸಂಚಾರವನ್ನು ಎರಡು ಬಗೆಯೆಂದು ಎಣಿಸುತ್ತಾರೆ: ಹೆಸರಿನ ಪಟ್ಟಿಯಿಂದಲೇ ಸೋಸಿಬಿಡಬಹುದಾದ ಸಾಧಾರಣ ಬಗೆ, ಮತ್ತು ನಡತೆಯನ್ನು ದೀರ್ಘಕಾಲ ಗಮನಿಸಿದಲ್ಲದೆ ಸಿಕ್ಕದ ಚತುರ ಬಗೆ. ಈ ಎರಡನೆಯದರ ಬೇಟೆಯೇ ಒಂದು ಉದ್ಯಮವಾಗಿದೆ. ನಮ್ಮ ಬೆಂಗಳೂರಿನ ಶೀಲ್ಡ್‌ಸ್ಕ್ವೇರ್ ಎಂಬ ಕಂಪನಿ ಇದೇ ಕೆಲಸವನ್ನು ಮಾಡುತ್ತ ಬೆಳೆದು ಹೆಸರಾಗಿ, 2019ರಲ್ಲಿ ಇಸ್ರೇಲ್ ಮೂಲದ ರಾಡ್‌ವೇರ್ ಅದನ್ನು ಕೊಂಡುಕೊಂಡಿತೆಂಬುದು, ಈ ಊರಿನವರು ಈ ವಿದ್ಯೆಗೆ ಹೊಸಬರಲ್ಲ ಎಂಬುದಕ್ಕೆ ಸಾಕ್ಷಿ.

ದೊಡ್ಡ ಕಂಪನಿಗಳು ಅಂಥ ಕಾವಲುಗಾರರನ್ನು ನೇಮಿಸಿಕೊಳ್ಳಬಲ್ಲವು. ದಿನಕ್ಕೆ ಐನೂರರ ಯಜಮಾನರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಅವರು ಮೊದಲು ಮಾಡಬೇಕಾದದ್ದು ಬೇಲಿ ಕಟ್ಟುವ ಕೆಲಸವಲ್ಲ, ಲೆಕ್ಕ ನೋಡುವ ಕೆಲಸ. ಹಣ ತೆತ್ತ ಕ್ಲಿಕ್ಕುಗಳೆಷ್ಟು, ತಮ್ಮ ತಾಣಕ್ಕೆ ನಿಜವಾಗಿ ಬಂದು ನಿಂತವರೆಷ್ಟು, ಕರೆಮಾಡಿದವರೆಷ್ಟು, ಕೋಣೆ ನೋಡಲು ಬಂದವರೆಷ್ಟು, ಮುಂಗಡ ಕೊಟ್ಟವರೆಷ್ಟು, ಈ ಐದು ಅಂಕಿಗಳನ್ನು ಒಂದೇ ಹಾಳೆಯಲ್ಲಿ ವಾರವಾರವೂ ಬರೆಯಬೇಕು. ಮೊದಲ ಎರಡು ಅಂಕಿಗಳ ನಡುವೆ ಅಂತರ ಕಂಡಕೂಡಲೆ ಬಾಟ್ ಎಂದು ಬೊಬ್ಬೆಯಿಡುವುದು ಬೇಡ. ಪುಟ ತೆರೆಯಲು ಹೊತ್ತು ಹಿಡಿದು ಬೇಸತ್ತು ಹಿಂದಿರುಗಿದವರೂ, ತಾಯಿಯ ಫೋನಿನಲ್ಲಿ ಆಟವಾಡುತ್ತ ಜಾಹೀರಾತಿಗೆ ಬೆರಳು ತಗಲಿಸಿದ ಮಗುವೂ ಆ ಅಂತರದಲ್ಲಿ ಸೇರಿರುತ್ತಾರೆ. ಆದರೆ ಕ್ಲಿಕ್ಕುಗಳು ಇದ್ದಕ್ಕಿದ್ದಂತೆ ಏರಿ, ಕರೆಗಳು ಇದ್ದಲ್ಲೇ ಇದ್ದರೆ, ಅದರಲ್ಲಿಯೂ ಆ ಏರಿಕೆ ರಾತ್ರಿ ಮೂರು ಗಂಟೆಗೆ ಆಗಿದ್ದರೆ, ಜಾಹೀರಾತು ಎಲ್ಲೆಲ್ಲಿ ಕಾಣಿಸಿಕೊಂಡಿತೆಂಬ ವರದಿಯನ್ನು ತೆರೆದು ನೋಡಬೇಕು. ಹೆಸರೇ ಕೇಳದ ಆಟದ ಆ್ಯಪುಗಳೂ ಅರ್ಥವಿಲ್ಲದ ತಾಣಗಳೂ ಅಲ್ಲಿ ಸಾಲಾಗಿ ನಿಂತಿದ್ದರೆ, ಅವನ್ನು ಹೊರಗಿಡುವುದು ಕೆಲವು ನಿಮಿಷಗಳ ಕೆಲಸ.

ಬೇಲಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದುವರಿಯಲಾರೆ. ಸಂಶಯ ಬಂದ ಐಪಿ ವಿಳಾಸವನ್ನು ತಡೆಹಿಡಿಯಿರೆಂಬುದು ಎಲ್ಲರೂ ಕೊಡುವ ಸಲಹೆ. ಗೂಗಲ್ಲಿನಲ್ಲಿ ಒಂದು ಪ್ರಚಾರಕ್ಕೆ 500 ವಿಳಾಸಗಳವರೆಗೆ ಹೀಗೆ ತಡೆಯಲು ಅವಕಾಶವುಂಟು. ಆದರೆ ಲಕ್ಷಗಟ್ಟಲೆ ವಿಳಾಸಗಳನ್ನು ಬದಲಿಸುತ್ತ ಬರುವ ರಕ್ತಬೀಜಾಸುರನ ಮುಂದೆ ಐನೂರು ಯಾವ ಮೂಲೆಗೆ? ಮೇಲಾಗಿ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕಾನೇಕ ಚಂದಾದಾರರಿಗೆ ಹಂಚುವ ರೂಢಿಯುಂಟು. ಹಳೆಯ ಬೆಂಗಳೂರಿನ ವಠಾರದಲ್ಲಿ ಹನ್ನೆರಡು ಸಂಸಾರಗಳಿಗೆ ಒಂದೇ ಬಾಗಿಲ ಸಂಖ್ಯೆ ಇರುತ್ತಿದ್ದಂತೆ. ಅವರಲ್ಲೊಬ್ಬ ಕಳ್ಳನೆಂದು ಆ ಬಾಗಿಲಿಗೇ ಬೀಗ ಜಡಿದರೆ, ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟಂತಾದೀತು.

ಎರಡನೆಯದು ಊರಿನ ಎಲ್ಲೆ. ಗೂಗಲ್ ಜಾಹೀರಾತಿನ ಮೂಲವ್ಯವಸ್ಥೆಯಲ್ಲಿ, ನಾವು ಬೆಂಗಳೂರು ಎಂದು ಗೊತ್ತುಮಾಡಿದರೂ, ಬೆಂಗಳೂರಿನಲ್ಲಿ ಇರುವವರ ಜೊತೆಗೆ ಬೆಂಗಳೂರಿನ ಬಗ್ಗೆ ಆಸಕ್ತಿ ತೋರಿದ ದೂರದವರಿಗೂ ಜಾಹೀರಾತು ಹೋಗುತ್ತದೆ. ಬೇಗೂರು ರಸ್ತೆಯಲ್ಲಿ ಪ್ಲೈವುಡ್ ಮಾರುವವರಿಗೆ ಇದು ಬರೀ ಪೋಲು. ‘ಇಲ್ಲಿ ಇರುವವರಿಗೆ ಮಾತ್ರ’ ಎಂದು ಬದಲಿಸಿಕೊಳ್ಳುವುದೇ ಅವರಿಗೆ ಲೇಸು. ನಮ್ಮ ಪೀಜಿಯ ಯಜಮಾನರ ಕಥೆ ಬೇರೆ. ಕೆಲಸದ ಆದೇಶ ಕೈಗೆ ಬಂದು, ಮುಂದಿನ ಸೋಮವಾರ ಬೆಂಗಳೂರಿಗೆ ಹೊರಡಬೇಕಾದ ಹುಡುಗಿ ಹುಬ್ಬಳ್ಳಿಯಲ್ಲಿಯೋ ಕಲಬುರಗಿಯಲ್ಲಿಯೋ ಕುಳಿತು, ರಾತ್ರಿ ನಿದ್ದೆಬಾರದೆ ಕೋಣೆ ಹುಡುಕುತ್ತಿರುತ್ತಾಳೆ. ದೂರದೂರು, ಅಪರಾತ್ರಿ, ಒಂದರ ಹಿಂದೊಂದರಂತೆ ಹತ್ತು ಪೀಜಿಗಳ ಪುಟಗಳನ್ನು ತೆರೆಯುವ ಅವಸರ: ಲಕ್ಷಣಗಳನ್ನೆಲ್ಲ ಕೂಡಿಸಿದರೆ ಅವಳು ಬಾಟೇ! ಅವಳನ್ನು ಹೊರಗಟ್ಟುವ ಜಾಣ ಬೇಲಿಗಿಂತ ಇಪ್ಪತ್ತು ರೂಪಾಯಿ ಕಳೆದುಕೊಳ್ಳುವ ದಡ್ಡತನ ಲಾಭಕರ.

ಹೀಗೆ ಬಾಗಿಲಲ್ಲಿ ತಡೆಯುವುದು ಕಷ್ಟವಾದುದರಿಂದ, ಒಳಗೆ ಬಂದವರನ್ನು ಪರೀಕ್ಷಿಸುವುದು ಹೆಚ್ಚು ಫಲಕಾರಿ. ವಿಚಾರಣೆಯ ಅರ್ಜಿಯಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾನೆಯನ್ನು ಇಟ್ಟರೆ, ಮನುಷ್ಯನು ಅದನ್ನು ಬಿಡುತ್ತಾನೆ, ಸಾಧಾರಣ ಯಂತ್ರ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಮೊಬೈಲ್ ಸಂಖ್ಯೆಗೆ ಓಟಿಪಿ ಕಳುಹಿಸಿ ದೃಢಪಡಿಸಿಕೊಂಡರೆ ಸುಳ್ಳುಸಂಖ್ಯೆಗಳ ಬಹುಭಾಗ ಉದುರುತ್ತದೆ. ನಿಜವಾದ ಗಿರಾಕಿಗಳಲ್ಲಿಯೂ ಕೆಲವರು ಇದೇಕಪ್ಪ ರಗಳೆಯೆಂದು ಹೊರಟುಹೋಗುವರೆಂಬುದನ್ನೂ ಒಪ್ಪಿಕೊಳ್ಳಬೇಕು.

ಇಲ್ಲಿ, ಕ್ಲಿಕ್ಕಿನ ಹತ್ತು ರೂಪಾಯಿಗಿಂತ ಬಹಳ ದೊಡ್ಡ ನಷ್ಟವೊಂದಿದೆ, ಅದನ್ನು ಕಂಡವರು ಕಡಿಮೆ. ಇಂದಿನ ಜಾಹೀರಾತಿನ ಯಂತ್ರ ತಾನಾಗಿಯೇ ಕಲಿಯುತ್ತದೆ. ಅರ್ಜಿ ತುಂಬಿದವರು ಎಂಥವರು, ಯಾವ ಹೊತ್ತಿನಲ್ಲಿ, ಯಾವ ತಾಣದಿಂದ ಬಂದರೆಂದು ಗಮನಿಸಿ, ಅಂಥವರನ್ನೇ ಇನ್ನಷ್ಟು ಹುಡುಕಿ ತರುವುದು ಅದರ ಧರ್ಮ. ಈಗ ಅರ್ಜಿ ತುಂಬಿದವು ಬಾಟುಗಳೆನ್ನಿ. ಇವರೇ ಈ ಯಜಮಾನರಿಗೆ ಬೇಕಾದ ಉತ್ತಮ ಗಿರಾಕಿಗಳೆಂದು ಯಂತ್ರ ಪ್ರಾಮಾಣಿಕವಾಗಿ ನಂಬಿ, ಯಜಮಾನರ ಹಣವನ್ನು ಮನುಷ್ಯರಿಂದ ಹಿಂತೆಗೆದು ಬಾಟುಗಳ ಕಡೆಗೇ ಹರಿಸತೊಡಗುತ್ತದೆ. ಹರಿಸಿದಷ್ಟೂ ಅರ್ಜಿಗಳು ಬರುತ್ತವೆ, ಬಂದಷ್ಟೂ ಅದರ ನಂಬಿಕೆ ಬಲಿಯುತ್ತದೆ. ವರದಿಯಲ್ಲಿ ಅಂಕಿಗಳು ಹಿಂದೆಂದೂ ಇಲ್ಲದಷ್ಟು ಸೊಗಸಾಗಿ ಏರುತ್ತಿರುವಾಗ ಮಂಚಗಳು ಖಾಲಿಯಾಗಿಯೇ ಇರುತ್ತವೆ. ಇದಕ್ಕೆ ಮದ್ದು, ಯಂತ್ರಕ್ಕೆ ಕೊನೆಯ ಅಂಕಿಯನ್ನು ಕಲಿಸುವುದು: ಯಾವ ಕ್ಲಿಕ್ಕಿನಿಂದ ಬಂದವರು ಮುಂಗಡ ಕೊಟ್ಟರೆಂಬ ಪಟ್ಟಿಯನ್ನು ಕ್ಲಿಕ್ಕಿನ ಗುರುತಿನ ಸಂಖ್ಯೆಯೊಡನೆ ಮರಳಿ ಜಾಹೀರಾತಿನ ಖಾತೆಗೆ ಸೇರಿಸಿದರೆ, ಅದು ಅರ್ಜಿ ತುಂಬುವವರನ್ನು ಬಿಟ್ಟು ಮಂಚ ಹಿಡಿಯುವವರನ್ನು ಹುಡುಕಲು ಕಲಿಯುತ್ತದೆ. ಬಾಟ್ ಎಲ್ಲವನ್ನೂ ನಟಿಸಬಲ್ಲದು. ಹಾಸಿಗೆ ಕಟ್ಟಿಕೊಂಡು ಬಂದು ಮುಂಗಡ ಎಣಿಸಲಾರದು.

ಅಸಿಂಧುವೆಂದು ತಾನೇ ಕಂಡುಕೊಂಡ ಕ್ಲಿಕ್ಕುಗಳಿಗೆ ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ, ತಡವಾಗಿ ಕಂಡವುಗಳ ಹಣವನ್ನು ಖಾತೆಗೆ ಮರಳಿ ಜಮಾಮಾಡುತ್ತದೆ. ಖಾತೆಯ ವರದಿಯಲ್ಲಿ ಅಸಿಂಧು ಕ್ಲಿಕ್ಕುಗಳ ಅಂಕಣವೊಂದನ್ನು ಸೇರಿಸಿಕೊಂಡರೆ ಅದನ್ನು ಯಾರೂ ನೋಡಬಹುದು. ಅದರ ಕಣ್ಣು ತಪ್ಪಿಸಿಕೊಂಡುವೆಂದು ತೋರಿದರೆ ಪರಿಶೀಲನೆಗೆ ಮನವಿ ಸಲ್ಲಿಸಬಹುದು. ತಾರೀಖು, ಹೊತ್ತು, ಸರ್ವರಿನ ದಾಖಲೆಗಳು ಜೊತೆಗಿರಬೇಕು, ಮತ್ತು ಎರಡು ತಿಂಗಳಿಗಿಂತ ಹಳೆಯದನ್ನು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. 2006ರಲ್ಲಿ ಇದೇ ವಿಚಾರದ ಮೊಕದ್ದಮೆಯೊಂದರಲ್ಲಿ ಗೂಗಲ್ 9 ಕೋಟಿ ಡಾಲರುಗಳವರೆಗೆ ಪರಿಹಾರಕ್ಕೆ ಒಪ್ಪಿಕೊಂಡಿತ್ತು. ಆದರೂ ಕ್ಲಿಕ್ಕನ್ನು ಮಾರುವವರೇ ಕ್ಲಿಕ್ಕನ್ನು ಎಣಿಸುವವರೂ ಆಗಿರುವುದು ನನಗೆ ಸಮಾಧಾನ ತರುವ ಸಂಗತಿಯಲ್ಲ. ನಮ್ಮ ಪತ್ರಿಕೆಗಳು ಒಂದು ಕಾಲದಲ್ಲಿ ತಮ್ಮ ಪ್ರಸಾರಸಂಖ್ಯೆಯನ್ನು ತಾವೇ ಹೇಳಿಕೊಳ್ಳುತ್ತಿದ್ದುವು. ಆ ಮಾತನ್ನು ಹೊರಗಿನ ಲೆಕ್ಕಪರಿಶೋಧಕರಿಂದ ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಪ್ರಕಾಶಕರೂ ಜಾಹೀರಾತುದಾರರೂ ಒಟ್ಟುಗೂಡಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಸ್ಥಾಪಿಸಿದ್ದು 1948ರಲ್ಲಿ. ಅಂತರ್ಜಾಲದಲ್ಲಿ ಆ ದಿಕ್ಕಿನ ಹೆಜ್ಜೆಗಳು ಬಿದ್ದಿಲ್ಲವೆಂದಲ್ಲ. ತನ್ನ ಜಾಗವನ್ನು ಮಾರಲು ಯಾರಿಗೆ ಅಧಿಕಾರವಿದೆಯೆಂದು ಪ್ರತಿ ತಾಣವೂ ಬಹಿರಂಗವಾಗಿ ಬರೆದಿಡುವ ಆಡ್ಸ್.ಟಿಎಕ್ಸ್‌ಟಿ ಎಂಬ ಪಟ್ಟಿಯ ಪದ್ಧತಿ 2017ರಿಂದ ಬಂದಿದೆ. ಝುಕೋವನಂತೆ ದೊಡ್ಡ ಪತ್ರಿಕೆಯ ಹೆಸರು ಹೇಳಿ ಜಾಗ ಮಾರುವುದು ಅದರಿಂದ ಕಷ್ಟವಾಗಿದೆ. ಆದರೆ ಸಣ್ಣ ಯಜಮಾನರ ಪರವಾಗಿ ನಿಂತು ಎಣಿಸುವ ಮೂರನೆಯವರು ಇನ್ನೂ ಅವರ ಕೈಗೆಟುಕುವ ಬೆಲೆಗೆ ಸಿಗುವುದಿಲ್ಲ. ಬೇಲಿಯೇ ಹೊಲ ಮೇಯುತ್ತಿದೆಯೆಂದು ನಾನು ಹೇಳುತ್ತಿಲ್ಲ. ಬೇಲಿಗೆ ಹಸಿವಿಲ್ಲವೆಂದು ನಂಬಿ ಮಲಗಬೇಡಿ ಎಂದಷ್ಟೇ ಹೇಳುತ್ತೇನೆ.

ಅದಕ್ಕಾಗಿ ಬೊಮ್ಮನಹಳ್ಳಿಯ, ಜಯನಗರದ, ಬನಶಂಕರಿಯ ಅಂಗಡಿಯವರಲ್ಲಿಯೂ ಪೀಜಿಯವರಲ್ಲಿಯೂ ನನ್ನದೊಂದು ಬಿನ್ನಹ: ಇಂದಿನಿಂದ ಒಂದು ತಿಂಗಳು, ಬಾಗಿಲಿಗೆ ಬಂದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ನಿಮಗೆ ಎಲ್ಲಿ ತಿಳಿಯಿತು?’ ಎಂದು ಕೇಳಿ, ಉತ್ತರವನ್ನು ತಾರೀಖಿನೊಡನೆ ಗಲ್ಲಾಪೆಟ್ಟಿಗೆಯ ಪಕ್ಕದ ನೋಟುಪುಸ್ತಕದಲ್ಲಿ ಬರೆದಿಡಿ. ಮುಂದಿನ ತಿಂಗಳ ಜಾಹೀರಾತಿನ ಹಣ ಕಟ್ಟುವ ಮೊದಲು ಆ ಪುಸ್ತಕವನ್ನೊಮ್ಮೆ ತೆರೆದು ನೋಡಿ.